ದುಡ್ಡು ಯಾರದೋ ಪರೀಕ್ಷೆ ಅವರದು

ಆಗಸ್ಟ್ ಕೊನೆಗೆ ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯ ನೋಂದಣಿ ಶುರುವಾಗುತ್ತದೆ. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳೂ ಮುಂದಿನ ವರ್ಷದ ಅರ್ಜಿಗೆ ಬಾಗಿಲು ತೆರೆಯುತ್ತವೆ. ಹಾಗಾಗಿ ಗಣಪತಿ ಹಬ್ಬಕ್ಕೆ ಬೆಂಗಳೂರಿನ ಬಸವೇಶ್ವರನಗರದ ಮನೆಗಳಲ್ಲಿ ಸೇರುವ ನೆಂಟರು ಕೊನೆಯ ವರ್ಷದ ಬಿಇ ಹುಡುಗನನ್ನೋ ಹುಡುಗಿಯನ್ನೋ ಕಂಡರೆ ಕೇಳುವ ಪ್ರಶ್ನೆ ಗೊತ್ತಿದ್ದದ್ದೇ: “ಮುಂದೇನು ಪುಟ್ಟಾ? ಎಂಎಸ್ಸಾ, ಎಂಟೆಕ್ಕಾ?” ಉತ್ತರ ಬರುವ ಮೊದಲೇ ಚಿಕ್ಕಪ್ಪ ದೇಶ ಆರಿಸಿರುತ್ತಾರೆ. ಅತ್ತೆ ಟೆಕ್ಸಾಸ್‌ನಲ್ಲಿರುವ ಮಗನ ನಂಬರ್ ಕೊಟ್ಟಿರುತ್ತಾರೆ.

ಸಲಹೆಗೆ ಈ ಕಡೆ ಬರವಿಲ್ಲ. ರಾಜಾಜಿನಗರದಿಂದ ವಿಜಯನಗರದವರೆಗೆ ಮುಖ್ಯರಸ್ತೆಗಳಲ್ಲಿ ಕೆಳಗೆ ದರ್ಶಿನಿ, ಮೇಲಿನ ಮಹಡಿಯಲ್ಲಿ ಕೋಚಿಂಗ್ ಸೆಂಟರ್ ಇಲ್ಲವೇ ‘ಸ್ಟಡಿ ಅಬ್ರಾಡ್’ ಬೋರ್ಡು. ಎಲ್ಲರೂ ಮಾತು ಆರಂಭಿಸುವುದು ದೇಶದಿಂದ, ರ‍್ಯಾಂಕಿಂಗ್‌ನಿಂದ, ಇಲ್ಲವೇ ಸ್ಕೋರ್‌ನಿಂದ. ನನ್ನನ್ನು ಕೇಳಿದರೆ ಮೊದಲು ಎತ್ತಬೇಕಾದ ಪ್ರಶ್ನೆ ಬೇರೆ: ಖರ್ಚು ಯಾರದು?

ಇದು ಜಿಪುಣರ ಪ್ರಶ್ನೆಯಲ್ಲ. ಸ್ನಾತಕೋತ್ತರ ಓದಿನ ಇಡೀ ವ್ಯವಹಾರ ಈ ಒಂದು ಕೀಲಿನ ಮೇಲೆ ತಿರುಗುತ್ತದೆ. ವಿಶ್ವವಿದ್ಯಾಲಯವೇ ನಿಮಗೆ ಸಂಬಳ ಕೊಟ್ಟು ಓದಿಸುವುದಾದರೆ ಅದು ನಿಮ್ಮನ್ನು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡುತ್ತದೆ. ದುಡ್ಡು ನಿಮ್ಮ ಮನೆಯಿಂದ ಹೋಗುವುದಾದರೆ ಅವರು ಅಷ್ಟೇನೂ ತಲೆಕೆಡಿಸಿಕೊಳ್ಳುವುದಿಲ್ಲ, ಆಗ ಪರೀಕ್ಷೆ ಮಾಡಬೇಕಾದವರು ನೀವು. ನಮ್ಮಲ್ಲಿ ಆಗುತ್ತಿರುವುದು ತಿರುಗಾಮುರುಗಾ. ಅವರು ಪರೀಕ್ಷಿಸುವ ಕಡೆ ನಮ್ಮ ಹುಡುಗರು ತಯಾರಾಗದೆ ಹೋಗುತ್ತಾರೆ. ತಾವು ಪರೀಕ್ಷಿಸಬೇಕಾದ ಕಡೆ ‘ಅಡ್ಮಿಟ್’ ಸಿಕ್ಕಿತು ಎಂದು ಮೈಸೂರ್‌ಪಾಕ್ ಹಂಚುತ್ತಾರೆ.

ಮೊದಲನೆಯದನ್ನೇ ನೋಡೋಣ. ಓದುವುದಕ್ಕೆ ಸಂಬಳ ಕೊಡುವ ಜಾಗಗಳು ಬಸವೇಶ್ವರನಗರದಿಂದ ದೂರವೇನಿಲ್ಲ. ಮಹಾಲಕ್ಷ್ಮಿ ಲೇಔಟ್ ದಾಟಿ ಯಶವಂತಪುರದ ಕಡೆ ಹೋದರೆ 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ರಸ್ತೆಯಲ್ಲಿ ಆರ್.ವಿ. ಕಾಲೇಜಿನ ಹತ್ತಿರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರ. ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಐಸೆಕ್. ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ. ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್. ಗಣಿತದ ಹುಡುಗರಿಗೆ ಮೈಸೂರು ರಸ್ತೆಯ ಸಂಸ್ಥೆಯ ಹೆಸರನ್ನು ಯಾರಾದರೂ ಪಿಯುಸಿಯಲ್ಲೇ ಹೇಳಬೇಕು. ಅಲ್ಲಿ ಬೋಧನಾ ಶುಲ್ಕವಿಲ್ಲ, ಮೇಲೆ ಶಿಷ್ಯವೇತನವಿದೆ, ಪ್ರವೇಶ ಪರೀಕ್ಷೆ ಮೇ ತಿಂಗಳಲ್ಲಿ. ಕೆಂಗೇರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಎಷ್ಟೋ ಬಿಎಸ್ಸಿ ವಿದ್ಯಾರ್ಥಿಗಳಿಗೆ ಆ ಗೇಟಿನ ಒಳಗೆ ಏನಿದೆ ಎಂದು ಗೊತ್ತಿಲ್ಲ.

ಗೇಟ್ ಪರೀಕ್ಷೆಯ ಲೆಕ್ಕ ಸರಳ: ಮೂರು ಗಂಟೆ, 65 ಪ್ರಶ್ನೆ, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಬಂದ ಸ್ಕೋರು ಮೂರು ವರ್ಷ ಬಾಳುತ್ತದೆ. ಅದರ ಮೇಲೆ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ಐಐಟಿಗಳ ಮತ್ತು ಐಐಎಸ್‌ಸಿಯ ಎಂಟೆಕ್ ಸೀಟುಗಳು ಸಿಒಎಪಿ ಎಂಬ ಒಂದೇ ಪೋರ್ಟಲ್ ಮೂಲಕ ಸುತ್ತು ಸುತ್ತಾಗಿ ಹಂಚಿಕೆಯಾಗುತ್ತವೆ. ಪ್ರತಿ ಸುತ್ತಿನಲ್ಲೂ ಒಪ್ಪಿ ಮುಗಿಸುವುದೋ, ಸೀಟನ್ನು ಹಿಡಿದಿಟ್ಟು ಕಾಯುವುದೋ, ಬಿಟ್ಟು ಕಾಯುವುದೋ ತೀರ್ಮಾನಿಸಬೇಕು. ‘ಇನ್ನೂ ಒಳ್ಳೆಯದು ಬರಬಹುದು’ ಎಂದು ಕೈಯಲ್ಲಿದ್ದ ಸೀಟನ್ನು ತಿರಸ್ಕರಿಸಿ ಕೂರುವ ಮೊದಲು ಹಿಂದಿನ ವರ್ಷದ ಕೊನೆಯ ಸ್ಕೋರುಗಳನ್ನು ನೋಡಿಕೊಳ್ಳಿ, ಸಾಕು.

ಪಿಎಚ್‌ಡಿಯಲ್ಲಿ ಮೊತ್ತ ದೊಡ್ಡದು, ಪರೀಕ್ಷೆಯೂ ದೊಡ್ಡದು. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ ಎಸ್‌ಆರ್‌ಎಫ್ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ 70,000. ಐದು ವರ್ಷ ಇಷ್ಟು ಕೊಡುವವರು ಬರೀ ಸ್ಕೋರ್ ನೋಡಿ ಕೊಡುತ್ತಾರೆಯೇ? ಗೇಟ್, ಫೆಲೋಶಿಪ್‌ಗೆ ಬರೆಯುವ ನೆಟ್ ಎಲ್ಲ ಬಾಗಿಲವರೆಗೆ ಮಾತ್ರ. ಒಳಗೆ ಸಂದರ್ಶನ.

ಆ ಸಂದರ್ಶನ ಹೇಗಿರುತ್ತದೆಂದರೆ, ಮೇಜಿನ ಆಚೆ ನಾಲ್ಕೈದು ಪ್ರಾಧ್ಯಾಪಕರು, ಪಕ್ಕದಲ್ಲಿ ಬೋರ್ಡು, ಕೈಗೊಂದು ಮಾರ್ಕರ್. ಮೊದಲ ಪ್ರಶ್ನೆ ಬಹಳ ಮೃದು: “ನಿಮಗೆ ಯಾವ ಸಬ್ಜೆಕ್ಟ್ ಇಷ್ಟ?” ಹುಡುಗ ಸಿಗ್ನಲ್ಸ್ ಎನ್ನುತ್ತಾನೆ. “ಸರಿ. ಕನ್ವಲ್ಯೂಷನ್ ಅಂದ್ರೇನು? ಫಾರ್ಮುಲಾ ಬೇಡ, ಚಿತ್ರ ಬರೆದು ಹೇಳಿ.” ವಿಟಿಯು ಪರೀಕ್ಷೆಗೆ ಹತ್ತು ಸಲ ಬಿಡಿಸಿದ ಲೆಕ್ಕ, ಆದರೆ ಕೈ ನಡುಗುವುದು ಅಲ್ಲೇ. ಯಾಕೆಂದರೆ ಪ್ರಶ್ನೆಪತ್ರಿಕೆಗಳ ಹಳೆಯ ಗಂಟು ಬಿಚ್ಚಿ ಓದಿದವನಿಗೆ ಬಿಡಿಸುವುದು ಗೊತ್ತು, ಅದೇನೆಂದು ಇನ್ನೊಬ್ಬರಿಗೆ ಹೇಳಿ ಅಭ್ಯಾಸವಿಲ್ಲ. ‘ಗೊತ್ತಿಲ್ಲ ಸರ್’ ಎನ್ನುವುದು ತಪ್ಪಲ್ಲ. ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಹೇಗೆ ನಡೆದು ಬರುತ್ತಾನೆ ಎಂದೇ ಅವರು ನೋಡುತ್ತಿರುತ್ತಾರೆ. ಹಾಗಾಗಿ ತಯಾರಿಯೂ ಬೇರೆ. ಎರಡೇ ವಿಷಯ ಆರಿಸಿಕೊಂಡು, ಗೆಳೆಯನೊಬ್ಬನನ್ನು ಎದುರು ಕೂರಿಸಿಕೊಂಡು, ಬುಡದಿಂದ ಬೋರ್ಡಿನ ಮೇಲೆ ಹೇಳಿಕೊಡುವುದು. ಮನೆಯ ಗೋಡೆಗೆ ಒಂದು ವೈಟ್‌ಬೋರ್ಡ್ ಹೊಡೆಸಿಕೊಳ್ಳುವ ಖರ್ಚು ಯಾವ ಕ್ರ್ಯಾಶ್ ಕೋರ್ಸ್‌ಗಿಂತಲೂ ಕಡಿಮೆ.

ಈ ಕೊಡುವವರು–ಕೇಳುವವರ ಲೆಕ್ಕ ಇಂದಿನದಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರ ಕಥೆ ನೋಡಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿಎಸ್ಸಿ ಆನರ್ಸ್‌ನಲ್ಲೂ ಎಂಎಸ್ಸಿಯಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ವಿದ್ಯುತ್ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಯುದ್ಧ ಮುಗಿದ ಮೇಲೆ ದೆಹಲಿಯ ಸರ್ಕಾರ ಪ್ರತಿಭಾವಂತರನ್ನು ಹೊರದೇಶಕ್ಕೆ ಕಳಿಸುವ ವಿದ್ಯಾರ್ಥಿವೇತನ ಪ್ರಕಟಿಸಿದಾಗ ಅರ್ಜಿ ಹಾಕಿ 1946ರಲ್ಲಿ ಆಯ್ಕೆಯಾದರು. ಹೋದದ್ದು ಮಿಷಿಗನ್ ವಿಶ್ವವಿದ್ಯಾಲಯಕ್ಕೆ, ವಿದ್ಯುತ್ ಎಂಜಿನಿಯರಿಂಗ್ ಓದಲು. ಮಾಸ್ಟರ್ಸ್ ಮುಗಿದದ್ದೇ ಪಿಎಚ್‌ಡಿಗೆ ಧುಮುಕುವಂತಿರಲಿಲ್ಲ. ಸರ್ಕಾರದ ಜೊತೆಗಿನ ಕರಾರಿನಂತೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಮುಗಿಸಬೇಕಿತ್ತು. ಮುಗಿಸಿದರು. ಆಮೇಲೆ ಮಿಷಿಗನ್ನಿಗೆ ವಾಪಸಾದದ್ದು ಬೇರೆ ದುಡ್ಡಿನಲ್ಲಿ: ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಆ ವಿಶ್ವವಿದ್ಯಾಲಯ ನಡೆಸುತ್ತಿದ್ದ ಬಾರ್ಬರ್ ವಿದ್ಯಾರ್ಥಿವೇತನ. 1953ರ ಆರಂಭದಲ್ಲಿ ಪಿಎಚ್‌ಡಿ ಪಡೆದು, ಊರಿಗೆ ಬಂದು, ಐಐಎಸ್‌ಸಿಯಲ್ಲೇ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಅವರ ಕೈಕೆಳಗೆ ಕಲಿತವರು ದೇಶದ ಪ್ರಯೋಗಾಲಯಗಳಲ್ಲೆಲ್ಲ ಇದ್ದಾರೆ.

ಗಮನಿಸಬೇಕಾದದ್ದು ಅವರ ರ‍್ಯಾಂಕನ್ನಲ್ಲ. ಮೂರು ಹಂತ, ಕೊಡುವ ಕೈ ಬೇರೆ ಬೇರೆ, ಪ್ರತಿಯೊಬ್ಬರ ಷರತ್ತೂ ಬೇರೆ. ಅರ್ಜಿ ಹಾಕುವಾಗ ಮೂರು ವರ್ಷದ ಪ್ರಯೋಗಾಲಯದ ಕೆಲಸ ಅವರ ಬೆನ್ನಿಗಿತ್ತು. ಮನೆಯ ಒಡವೆ ಅಡವಿಟ್ಟು ಹೋದದ್ದಲ್ಲ.

ಅಮೆರಿಕದ ಪಿಎಚ್‌ಡಿ ಈಗಲೂ ಬಹುಪಾಲು ಹಾಗೇ ಇದೆ, ವಿಜ್ಞಾನ–ಎಂಜಿನಿಯರಿಂಗ್‌ನಲ್ಲಂತೂ ಖಂಡಿತ. ಶುಲ್ಕ ಮಾಫಿ, ಟಿಎ (ಬೋಧನಾ ಸಹಾಯಕ) ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಕೆಲಸಕ್ಕೆ ತಿಂಗಳ ಸಂಬಳ. ಅಲ್ಲಿಯ ಪಿಎಚ್‌ಡಿಗೆ ಬಿಇ ಆದ ಮೇಲೆ ನೇರವಾಗಿಯೇ ಅರ್ಜಿ ಹಾಕಬಹುದು. ಮೊದಲು ಎಂಎಸ್ ಆಗಲೇಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಮಾಸ್ಟರ್ಸ್ ಎಂಬುದು ಪಿಎಚ್‌ಡಿಗೆ ಹತ್ತುವ ಮೆಟ್ಟಿಲು ಎಂದುಕೊಂಡು ಸಾಲ ಮಾಡಿ ಹೋದ ಮೇಲೆ, ಅದೇ ವಿಭಾಗದಲ್ಲಿ ಪಕ್ಕದ ಕುರ್ಚಿಯವನು ಸಂಬಳ ತೆಗೆದುಕೊಂಡು ಅದೇ ಕ್ಲಾಸಿಗೆ ಕೂರುವುದನ್ನು ನೋಡುವುದು ಕಷ್ಟ.

ಅಲ್ಲಿಯ ಪ್ರವೇಶಕ್ಕೆ ಬರೆಯುವ ಜಿಆರ್‌ಇ ವಿಷಯಕ್ಕೆ ಹೆಚ್ಚು ಜಾಗ ಕೊಡಲಾರೆ. 2023ರ ಸೆಪ್ಟೆಂಬರಿನಿಂದ ಅದು ಎರಡು ಗಂಟೆಯೊಳಗೆ ಮುಗಿಯುವ ಪರೀಕ್ಷೆ. ಕೋವಿಡ್ ಕಾಲದಿಂದ ಎಷ್ಟೋ ವಿಭಾಗಗಳು ಅದನ್ನು ಕೇಳುವುದನ್ನೇ ಬಿಟ್ಟಿವೆ. ಕೇಳುವ ಕಡೆ ಬರೆಯಿರಿ, ಅಷ್ಟೆ. ಆ ಸ್ಕೋರು ಕೆಳಗಿಳಿದಷ್ಟೂ ಮೇಲೇರಿರುವುದು ಎರಡು ಕಾಗದಗಳ ಬೆಲೆ: ಉದ್ದೇಶಪತ್ರ ಮತ್ತು ಶಿಫಾರಸು ಪತ್ರ. ಹುಡುಗರ ಬಾಯಲ್ಲಿ ಎಸ್‌ಒಪಿ, ಎಲ್‌ಒಆರ್.

ಎಲ್‌ಒಆರ್ ನಮ್ಮಲ್ಲಿ ಹುಟ್ಟುವ ಬಗೆ ಎಲ್ಲರಿಗೂ ಗೊತ್ತು. ನವೆಂಬರ್ ಮೂರನೇ ವಾರ, ಸ್ಟಾಫ್ ರೂಮಿನ ಬಾಗಿಲು. “ಸರ್, ಒಂದು ಎಲ್‌ಒಆರ್ ಬೇಕಿತ್ತು.” “ಡ್ರಾಫ್ಟ್ ಮಾಡ್ಕೊಂಡು ಬಾರಪ್ಪ, ನೋಡ್ತೀನಿ.” ಮೇಷ್ಟ್ರನ್ನು ಬೈಯುವಂತಿಲ್ಲ. ಅವರಿಗೆ ಒಂದು ಸೆಕ್ಷನ್‌ಗೆ ಅರವತ್ತು ಮಂದಿ, ಎರಡು ಲ್ಯಾಬು, ಮೇಲೆ ನ್ಯಾಕ್ ಫೈಲು. ಹುಡುಗ ಹಾಸ್ಟೆಲಿನ ಸೀನಿಯರ್ ಬಳಿಯಿದ್ದ ಹಳೆಯ ಪತ್ರ ತರುತ್ತಾನೆ, ಹೆಸರು ಬದಲಿಸುತ್ತಾನೆ. ‘ಈತ ಪರಿಶ್ರಮಿ, ಸಮಯಪಾಲಕ, ವಿನಯವಂತ, ತರಗತಿಯ ಮೊದಲ ಐದು ಶೇಕಡಾದಲ್ಲಿ ಒಬ್ಬ.’ ಅದೇ ವಿಭಾಗದಿಂದ ಅದೇ ವರ್ಷ ಇಪ್ಪತ್ತು ಮಂದಿ ಮೊದಲ ಐದು ಶೇಕಡಾದಲ್ಲಿರುತ್ತಾರೆ! ಆಚೆ ಕಡೆ ಓದುವ ಪ್ರಾಧ್ಯಾಪಕ ಇಂಥ ಪತ್ರಗಳನ್ನು ವರ್ಷಗಟ್ಟಲೆ ನೋಡಿದವನು.

ಅರ್ಜಿಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ. ಅಮೆರಿಕದ 1974ರ ಕಾನೂನಿನ ಪ್ರಕಾರ ತನ್ನ ಬಗ್ಗೆ ಬರೆದ ಪತ್ರವನ್ನು ಓದುವ ಹಕ್ಕು ಅಲ್ಲಿ ಸೇರಿದ ವಿದ್ಯಾರ್ಥಿಗಿದೆ. ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಟಿಕ್ ಹಾಕಿದರೆ ಪತ್ರಕ್ಕೆ ಬೆಲೆ. ತಾನೇ ಟೈಪ್ ಮಾಡಿದ ಪತ್ರವನ್ನು ಎಂದೂ ನೋಡುವುದಿಲ್ಲವೆಂದು ಟಿಕ್ ಹಾಕುವ ಹುಡುಗನ ಮುಖ ನೆನೆದರೆ ನಗು ಬರುತ್ತದೆ.

ಬೆಲೆಯುಳ್ಳ ಪತ್ರದಲ್ಲಿ ಏನಿರುತ್ತದೆ? ಒಂದು ಘಟನೆ. ‘ಆರನೇ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಸೆನ್ಸರ್ ಕೆಟ್ಟಿದೆ ಎಂದು ಇಡೀ ಗುಂಪು ಕೈಬಿಟ್ಟಾಗ, ಈಕೆ ಎರಡು ವಾರ ಲ್ಯಾಬಿನಲ್ಲಿ ಕೂತು, ದೋಷ ಸೆನ್ಸರಿನದಲ್ಲ, ಅರ್ಥಿಂಗಿನದು ಎಂದು ತೋರಿಸಿದಳು’ ಎಂಬ ಒಂದು ವಾಕ್ಯ ಸಾಕು. ಆದರೆ ಅದನ್ನು ಬರೆಯಬೇಕಾದರೆ ಮೇಷ್ಟ್ರು ಅದನ್ನು ನೋಡಿರಬೇಕು, ಅದು ನಡೆದೂ ಇರಬೇಕು. ನವೆಂಬರಿನಲ್ಲಿ ಪತ್ರ ಬೇಕೆಂದರೆ ಹಿಂದಿನ ವರ್ಷದ ಜನವರಿಯಲ್ಲೇ ಒಬ್ಬರ ಲ್ಯಾಬಿನಲ್ಲಿ ಕೆಲಸ ಶುರುವಾಗಿರಬೇಕು. ಇದಕ್ಕೆ ಅಡ್ಡದಾರಿಯಿಲ್ಲ. ಕೇಳಲು ಹೋಗುವಾಗ ಜೊತೆಗೆ ಒಂದು ಪುಟ ಕೊಡಿ: ಅವರಲ್ಲಿ ಓದಿದ ವಿಷಯ, ಮಾಡಿದ ಕೆಲಸ, ಅರ್ಜಿ ಹಾಕುವ ಕಡೆಗಳ ಪಟ್ಟಿ, ಕೊನೆಯ ದಿನಾಂಕಗಳು. ಅಮೆರಿಕದ ಪಿಎಚ್‌ಡಿ ಅರ್ಜಿಗಳು ಬಹುಪಾಲು ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲಿ ಮುಗಿಯುತ್ತವೆ. ಇನ್ನೊಂದು ಸಣ್ಣ ವಿಷಯ: ಪತ್ರ ಸಲ್ಲಿಸುವ ಕೊಂಡಿ ಮೇಷ್ಟ್ರ ಮೇಲ್‌ಗೆ ಹೋಗುತ್ತದೆ, ಕಾಲೇಜಿನ ವಿಳಾಸ ಇದ್ದರೆ ಒಳ್ಳೆಯದು. ಎಷ್ಟೋ ಅಧ್ಯಾಪಕರು ಆ ವಿಳಾಸವನ್ನು ತೆರೆದು ವರ್ಷವಾಗಿರುತ್ತದೆ. ಪಾಸ್‌ವರ್ಡ್ ನೆನಪಿದೆಯೇ ಎಂದು ಅಕ್ಟೋಬರಿನಲ್ಲೇ ವಿನಯದಿಂದ ಕೇಳಿ.

ಉದ್ದೇಶಪತ್ರದ ರೋಗ ಬೇರೆ. ‘ಚಿಕ್ಕಂದಿನಿಂದಲೇ ನನಗೆ ಯಂತ್ರಗಳೆಂದರೆ ಕುತೂಹಲ’ ಎಂದು ಶುರುವಾಗಿ, ಅಬ್ದುಲ್ ಕಲಾಂ ಅವರ ಒಂದು ಮಾತು ಬಂದು, ‘ನಿಮ್ಮ ವಿಶ್ವವಿಖ್ಯಾತ ವಿಶ್ವವಿದ್ಯಾಲಯ’ದಲ್ಲಿ ಮುಗಿಯುತ್ತದೆ. ಓದುವವನಿಗೆ ಬೇಕಾದದ್ದು ಇಷ್ಟೇ: ಈತ ಏನು ಮಾಡಿ ನೋಡಿದ್ದಾನೆ, ಎಲ್ಲಿ ಸಿಕ್ಕಿಬಿದ್ದ, ಮುಂದೆ ಯಾವ ಪ್ರಶ್ನೆ ಕೈಗೆತ್ತಿಕೊಳ್ಳಬೇಕೆಂದಿದ್ದಾನೆ, ಅದಕ್ಕೆ ನಮ್ಮಲ್ಲೇ ಯಾಕೆ ಬರಬೇಕು. ಪಿಎಚ್‌ಡಿಗಾದರೆ ಅಲ್ಲಿಯ ಇಬ್ಬರು ಮೂವರು ಪ್ರಾಧ್ಯಾಪಕರ ಕೆಲಸ ಓದಿ, ಯಾವುದು ಯಾಕೆ ಹಿಡಿಸಿತು ಎಂದು ಹೇಳಬೇಕು. ಪರೀಕ್ಷಿಸಿ ನೋಡುವ ಸುಲಭ ದಾರಿಯೊಂದಿದೆ. ನಿಮ್ಮ ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರು ಬದಲಿಸಿದರೂ ಒಂದು ವಾಕ್ಯವನ್ನೂ ತಿದ್ದಬೇಕಾಗಿಲ್ಲ ಎಂದಾದರೆ ಆ ಪತ್ರ ಯಾರಿಗೂ ಬರೆದದ್ದಲ್ಲ.

ಆ ‘ಮಾಡಿ ನೋಡಿದ’ ಕೆಲಸಕ್ಕೆ ಬೆಂಗಳೂರಿನಷ್ಟು ಅನುಕೂಲವಾದ ಊರು ಈ ದೇಶದಲ್ಲಿ ಕಡಿಮೆ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಸದಾಶಿವನಗರದಲ್ಲಿದೆ. ಉಳಿದೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಅದು ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಪದವಿ ವಿದ್ಯಾರ್ಥಿಗಳು ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ ಮಾಡಬಹುದು, ಶಿಷ್ಯವೇತನವೂ ಉಂಟು. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು, ಮೇ ಬಂದ ಮೇಲೆ ವಿಚಾರಿಸಿದರೆ ಪ್ರಯೋಜನವಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದ್ದೂ, ಐಸಿಟಿಎಸ್‌ನದ್ದೂ ಇಂಥ ಕಾರ್ಯಕ್ರಮಗಳಿವೆ. ಹೈಗ್ರೌಂಡ್ಸ್‌ನ ನೆಹರೂ ತಾರಾಲಯವನ್ನು ನಾವು ಮಕ್ಕಳಿಗೆ ನಕ್ಷತ್ರ ತೋರಿಸುವ ಜಾಗ ಎಂದುಕೊಂಡಿದ್ದೇವೆ. ಅಲ್ಲಿ ಬಿಎಸ್ಸಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಕಾಲೇಜಿನ ಹೊರಗೆ ಪಾಠ, ಪ್ರಯೋಗ ಹೇಳಿಕೊಡುವ ‘ರೀಪ್’ ಎಂಬ ಕಾರ್ಯಕ್ರಮವಿದೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರದವರಿಗೆ ನಾಗರಭಾವಿಯ ಐಸೆಕ್ ನಡೆದು ಹೋಗುವಷ್ಟು ಹತ್ತಿರ ಅಲ್ಲದಿದ್ದರೂ ಒಂದು ಬಸ್ಸಿನ ದೂರ. ಅಲ್ಲಿಯ ಸೆಮಿನಾರ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಮುಗಿದ ಮೇಲೆ ಚಹಾದ ಹೊತ್ತಿಗೆ ಒಂದು ಪ್ರಶ್ನೆ ಕೇಳುವ ಧೈರ್ಯ ಮಾಡಿದರೆ ಪರಿಚಯ ಆರಂಭವಾಗುತ್ತದೆ.

ಈಗ ದುಡ್ಡು ನಮ್ಮದಾದಾಗ.

ಬಾಡಿಗೆ ಮನೆ ಹಿಡಿಯುವಾಗ ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪು ಎಷ್ಟು ಲೀಟರಿನದು, ಮೇಲಿನ ಮನೆಯವರು ಹೇಗೆ ಎಂದೆಲ್ಲ ವಿಚಾರಿಸುವ ಕುಟುಂಬ, ಅರ್ಧ ಕೋಟಿಯ ಎಂಎಸ್‌ಗೆ ಕನ್ಸಲ್ಟೆನ್ಸಿಯ ಬಣ್ಣದ ಪುಸ್ತಿಕೆ ನೋಡಿ ಸಹಿ ಹಾಕುತ್ತದೆ. ‘ನಮ್ಮ ಸೇವೆ ಸಂಪೂರ್ಣ ಉಚಿತ’ ಎಂಬ ಬೋರ್ಡು ಕಂಡರೆ ಆ ಅಂಗಡಿಯ ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಎಂದು ಯೋಚಿಸಬೇಕು. ಬ್ರಿಟನ್, ಆಸ್ಟ್ರೇಲಿಯಾದಂಥ ದೇಶಗಳ ಹಲವು ವಿಶ್ವವಿದ್ಯಾಲಯಗಳು ತಮಗೆ ವಿದ್ಯಾರ್ಥಿ ತಂದುಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದರಲ್ಲಿ ಗುಟ್ಟೇನಿಲ್ಲ, ಅಕ್ರಮವೂ ಇಲ್ಲ. ಆದರೆ ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅವರ ಪಟ್ಟಿಯಲ್ಲಿ ಯಾಕಿಲ್ಲ ಎಂಬುದು ಆಗ ತಿಳಿಯುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಇರುವ ಕಡೆಗಳು ಕೆಲವು: ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯ, ಈಚೆಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ. ಜರ್ಮನಿಗೆ ಹೋಗಲು 2022ರ ನವೆಂಬರಿನಿಂದ ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರ ಕಡ್ಡಾಯ. ಜೀವನ ಖರ್ಚಿಗೆ ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕೆಂದು 2024ರಲ್ಲಿ ನಿಗದಿಯಾಯಿತು. ಆ ದುಡ್ಡು ನಿಮ್ಮದೇ, ಅಲ್ಲಿ ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ. ಜರ್ಮನ್ ಭಾಷೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಪಶ್ಚಿಮದ ಬಡಾವಣೆಯಿಂದ ನೇರಳೆ ಮೆಟ್ರೊ ಹತ್ತಿದರೆ ಸಾಕು.

ಅಮೆರಿಕದ ಎಂಎಸ್‌ಗೆ ಸಾಲ ಮಾಡುವುದೇ ಆದರೆ ಲೆಕ್ಕ ಕಾಗದದ ಮೇಲೆ ಬರಲಿ. ನಲವತ್ತು ಲಕ್ಷ ಸಾಲ, ಶೇಕಡಾ 10 ಬಡ್ಡಿ ಎಂದಿಟ್ಟುಕೊಳ್ಳಿ. ಕೋರ್ಸಿನ ಎರಡು ವರ್ಷ, ಮೇಲೆ ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮಲಗುವುದಿಲ್ಲ. ಅಷ್ಟರಲ್ಲಿ ಸುಮಾರು ಹತ್ತು ಲಕ್ಷ ಸೇರಿ ಐವತ್ತಾಗಿರುತ್ತದೆ. ಹತ್ತು ವರ್ಷಕ್ಕೆ ಕಂತು ಹಾಕಿದರೆ ತಿಂಗಳಿಗೆ 66,000 ರೂಪಾಯಿಯ ಆಸುಪಾಸು. ಡಾಲರ್ ಸಂಬಳವಿದ್ದರೆ ಇದು ಹಗುರ. ಊರಿಗೆ ಬಂದು ರೂಪಾಯಿಯಲ್ಲಿ ಕಟ್ಟಬೇಕಾದರೆ ಮನೆಯ ಇಬ್ಬರ ದುಡಿಮೆ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಒಪಿಟಿ ಎಂಬ ಅನುಮತಿ ಒಂದು ವರ್ಷ, ವಿಜ್ಞಾನ–ತಂತ್ರಜ್ಞಾನದವರಿಗೆ ಇನ್ನೆರಡು ವರ್ಷ. ಆಮೇಲಿನದು ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಬಂದು ಮನೆಮನೆಯಲ್ಲೂ ಗಾಬರಿಯಾಯಿತು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ತಿಂಗಳ ನಂತರ ಬಂತು. ಹೀಗೆ ಹೊಯ್ದಾಡುವ ನಿಯಮದ ಮೇಲೆ ಮನೆಪತ್ರ ಇಡುತ್ತಿದ್ದೇವೆ ಎಂಬ ಎಚ್ಚರ ಇದ್ದರೆ ಸಾಕು.

ಮನೆಪತ್ರದ ಮಾತು ಬಂತಲ್ಲ. ದೊಡ್ಡ ಮೊತ್ತಕ್ಕೆ ಸರ್ಕಾರಿ ಬ್ಯಾಂಕು ಆಸ್ತಿ ಆಧಾರ ಕೇಳುತ್ತದೆ. ಕ್ರಯಪತ್ರ, ತಾಯಿಪತ್ರ, ಇಸಿ, ಇ-ಖಾತಾ, ಕಂದಾಯ ರಸೀದಿ, ಮಂಜೂರಾದ ನಕ್ಷೆ. ಬಿಡಿಎ ಅಥವಾ ಹೌಸಿಂಗ್ ಬೋರ್ಡ್ ಹಂಚಿದ ಮನೆಯಾದರೆ ಸಲೀಸು. ಪಕ್ಕದ ಬೀದಿಯ ಬಿ-ಖಾತಾ ಮನೆಗೆ ಅದೇ ಬ್ಯಾಂಕು ಮುಖ ತಿರುಗಿಸಬಹುದು. ಮನೆ ಇನ್ನೂ ತಾತನ ಹೆಸರಿನಲ್ಲಿದ್ದರೆ ದೊಡ್ಡಪ್ಪ, ಅತ್ತೆಯರೆಲ್ಲರ ಸಹಿ ಬೇಕು. ಇಪ್ಪತ್ತು ವರ್ಷದಿಂದ ಮಾತಿಲ್ಲದ ಅಣ್ಣತಮ್ಮಂದಿರು ಎಂಎಸ್ ಸಾಲದ ನೆಪದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಭೇಟಿಯಾದದ್ದೂ ಉಂಟು. ಬ್ಯಾಂಕಿನ ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಸೇರಿ ವಾರಗಟ್ಟಲೆ ಹಿಡಿಯುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರಕ್ಕೆ ಮೊದಲ ವರ್ಷದ ಹಣದ ಪುರಾವೆ ಬೇಕಾದ್ದರಿಂದ ಈ ಓಡಾಟ ಅಡ್ಮಿಟ್ ಬರುವ ಮೊದಲೇ ಆಗಿರಲಿ.

ಇನ್ನು ವಿಶ್ವವಿದ್ಯಾಲಯವನ್ನು ನೀವು ಪರೀಕ್ಷಿಸುವುದು ಹೇಗೆ? ಆ ವಿಭಾಗದಲ್ಲಿ ಕಳೆದ ವರ್ಷ ಮುಗಿಸಿದ ಇಬ್ಬರನ್ನು ಹುಡುಕಿ ಮಾತಾಡಿ. ಕನ್ಸಲ್ಟೆನ್ಸಿ ಕೊಡುವ ಇಬ್ಬರಲ್ಲ, ನೀವೇ ಹುಡುಕಿದವರು. ಎಂಎಸ್ ವಿದ್ಯಾರ್ಥಿಗಳಿಗೆ ಟಿಎ ಕೆಲಸ ಸಿಗುತ್ತದೆಯೇ, ನಿಮ್ಮ ವಿಷಯದ ಕೋರ್ಸುಗಳು ಪ್ರತಿ ವರ್ಷ ನಡೆಯುತ್ತವೆಯೇ ಅಥವಾ ಪಟ್ಟಿಯಲ್ಲಿ ಮಾತ್ರವೇ, ಥೀಸಿಸ್ ಮಾಡುವ ಅವಕಾಶ ಇದೆಯೇ, ಮನೆ ಬಾಡಿಗೆ ಎಷ್ಟು ಎಂದು ಕೇಳಿ. ಟೆಕ್ಸಾಸಿನ ಅತ್ತೆಯ ಮಗ ಇಂಥ ಕಡೆಯೇ ಉಪಯೋಗಕ್ಕೆ ಬರುವುದು.

ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ ಎನ್ನುವ ನಾಡು ಇದು. ಆದರೆ ಕೊಡುವ ಕೈ ಯಾವ ಭಾಷೆಯಲ್ಲಿ ಕೇಳುತ್ತದೆ ಎಂಬುದೂ ಒಂದು ತೊಡಕು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದು ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಎಂಎ ಮಾಡಿದವರು ಫೆಲೋಶಿಪ್‌ಗೆ ನೆಟ್ ಬರೆಯಬೇಕು. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ-ಸೆಟ್ ಕನ್ನಡದಲ್ಲೂ ಇದೆ, ಆದರೆ ಅದು ಪಾಠ ಹೇಳುವ ಅರ್ಹತೆಯನ್ನಷ್ಟೇ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಉತ್ತರದ ಹುಡುಗನಿಗೆ ತನ್ನ ಭಾಷೆಯಲ್ಲಿ 37,000ದ ಬಾಗಿಲು ತೆರೆದಿದೆ, ನಮ್ಮವನಿಗಿಲ್ಲ. ಇದು ನ್ಯಾಯವಲ್ಲ ಎಂದು ಹೇಳುತ್ತಲೇ, ಸದ್ಯಕ್ಕೆ ಪರಿಭಾಷೆಯನ್ನು ಎರಡೂ ಭಾಷೆಯಲ್ಲಿ ಕಲಿಯುವುದನ್ನು ಬಿಎ ಮೊದಲ ವರ್ಷದಿಂದಲೇ ಶುರುಮಾಡಿ ಎನ್ನಬೇಕಾಗಿದೆ. 2024ರಿಂದ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೂ ಲೆಕ್ಕ: ಜೆಆರ್‌ಎಫ್ ಸಿಗದವರಿಗೂ ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ 30, ಆ ಫಲಿತಾಂಶ ಒಂದು ವರ್ಷ ಮಾತ್ರ ಊರ್ಜಿತ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗಲು ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ. ಈ ಹೆಸರು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಸಾಕಷ್ಟು ಕಾಣುವುದಿಲ್ಲ.

ಪದವಿ ಎಷ್ಟು ವರ್ಷದ್ದು ಎಂಬ ಗೊಂದಲವೂ ಸೇರಿಕೊಂಡಿದೆ. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದವಿ ತಂದಿತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಶೇಕಡಾ 75 ಅಂಕವಿದ್ದರೆ ನೇರ ಪಿಎಚ್‌ಡಿ ಎಂಬ ಯುಜಿಸಿಯ 2022ರ ನಿಯಮ ನಾಲ್ಕು ವರ್ಷ ಓದಿದವರಿಗೆ ಮಾತ್ರ. ಅಮೆರಿಕದ ಬಹಳಷ್ಟು ವಿಭಾಗಗಳು ಹದಿನಾರು ವರ್ಷದ ಓದು ಕೇಳುತ್ತವೆ. ಹಾಗಾಗಿ ಈಗ ಬಿಎಸ್ಸಿ ಸೇರಿದವರಿಗೆ ಎಂಎಸ್ಸಿ ಮುಗಿಸಿ ಹೋಗುವುದೇ ನೇರ ದಾರಿ. ಐಐಟಿಗಳ ಎಂಎಸ್ಸಿಗೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜಾಮ್ ಪರೀಕ್ಷೆ ಫೆಬ್ರುವರಿಯಲ್ಲಿ.

ಅಮೆರಿಕಕ್ಕೆ ಹಾಕಿದ ಅರ್ಜಿಗಳಿಗೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಉತ್ತರಗಳು ಬರುತ್ತವೆ. ಅಲ್ಲಿಯ ಸ್ನಾತಕೋತ್ತರ ವಿಭಾಗಗಳು ಸೇರಿ ಮಾಡಿಕೊಂಡ ಒಂದು ಒಪ್ಪಂದವಿದೆ: ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯ ಹಣಕಾಸಿನ ನೆರವಿನ ಆಹ್ವಾನ ಕೊಟ್ಟರೆ ಏಪ್ರಿಲ್ 15ಕ್ಕೆ ಮೊದಲೇ ಉತ್ತರಿಸು ಎಂದು ಒತ್ತಾಯಿಸುವಂತಿಲ್ಲ. ‘ಎರಡು ದಿನದಲ್ಲಿ ಹೇಳಿ’ ಎಂಬ ಮೇಲ್ ಬಂದರೆ ಆ ದಿನಾಂಕವನ್ನು ಸಭ್ಯವಾಗಿ ನೆನಪಿಸಬಹುದು. ಆಹ್ವಾನಪತ್ರವನ್ನು ಅಪ್ಪ ಅಮ್ಮನ ಜೊತೆ ಕೂತು ಸಾಲು ಸಾಲಾಗಿ ಓದಿ. ಸಂಬಳ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ನೆರವು ಒಂದು ವರ್ಷಕ್ಕೆ ಮಾತ್ರವೋ, ಐದು ವರ್ಷದ ಭರವಸೆಯೋ? ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ? ಬೋಧನಾ ಶುಲ್ಕ ಮಾಫಿಯಾದರೂ ‘ಇತರೆ ಶುಲ್ಕ’ ಎಂದು ಸೆಮಿಸ್ಟರಿಗೆ ಎಷ್ಟು ಹಿಡಿಯುತ್ತಾರೆ? ಪತ್ರದಲ್ಲಿ ಇಲ್ಲದ್ದನ್ನು ವಿಭಾಗದ ಸಂಯೋಜಕರಿಗೆ ಮೇಲ್ ಮಾಡಿ ಕೇಳಿದರೆ ಅವರು ಉತ್ತರ ಕೊಡುತ್ತಾರೆ, ಬೇಸರಿಸಿಕೊಳ್ಳುವುದಿಲ್ಲ. ಬಿಡುವ ಸೀಟನ್ನು ತಡಮಾಡದೆ ಬಿಟ್ಟು ತಿಳಿಸಿ, ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರಿರುತ್ತಾರೆ.